ನಿಧಾನಕ್ಕೆ ನಿದಾನ: ಹಳೆಯ ಗಣಕಯಂತ್ರದಲ್ಲಿ ಹಳೆಯ ಕಾರೋಟದ ಆಟ



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಮಧುಮೇಹವನ್ನೋ ರಕ್ತದೊತ್ತಡವನ್ನೋ ಕುರಿತು ಕೇಳಬೇಕಾದೀತೆಂಬ ಸಿದ್ಧತೆಯಿಂದಲೇ ತಾವೆಲ್ಲ ಬಂದಿರುತ್ತೀರಿ. ಇಂದು ನಾವು ಪರೀಕ್ಷೆಗೆ ಎತ್ತಿಕೊಂಡಿರುವ ರೋಗಿ ಮನುಷ್ಯನಲ್ಲ. ನಮ್ಮೆಲ್ಲರ ಮನೆಯ ಮೂಲೆಯಲ್ಲಿ ಕುಳಿತಿರುವ ಹಳೆಯ ಗಣಕಯಂತ್ರ. ಅದರ ಮೇಲೆ ಮಕ್ಕಳು ತರುವ ದೂರು ಒಂದೇ: ಆಟ ತಡವರಿಸುತ್ತದೆ. ಕನ್ನಡದಲ್ಲಿ ಮಂದಗತಿಗೆ 'ನಿಧಾನ' ಎನ್ನುತ್ತೇವೆ. ರೋಗದ ಮೂಲವನ್ನು ಗುರುತಿಸುವುದಕ್ಕೆ 'ನಿದಾನ' ಎನ್ನುತ್ತೇವೆ. ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ ಮಾತ್ರ. ಆಯುರ್ವೇದದ 'ಮಾಧವ ನಿದಾನ'ದಿಂದ ಇಂದಿನ ಸ್ಕ್ಯಾನಿನವರೆಗೆ ವೈದ್ಯವಿದ್ಯೆಯ ಪಾಠವೂ ಒಂದೇ: ಮೊದಲು ನಿದಾನ, ಆಮೇಲೆ ಚಿಕಿತ್ಸೆ. ಅದನ್ನೇ ಈ ಯಂತ್ರಕ್ಕೆ ಅನ್ವಯಿಸಿ ನೋಡೋಣ.

ಮಕ್ಕಳಾಟಕ್ಕೆ ಇಷ್ಟು ಗಾಂಭೀರ್ಯವೇಕೆಂದು ಹಿರಿಯರು ಕೇಳಬಹುದು. ಇದೇ ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ದಾಖಲಾದ ಉಷ್ಣತೆ 53.9 ಡಿಗ್ರಿ ಸೆಲ್ಸಿಯಸ್. ಜೂನಿನಿಂದ ಸೆಪ್ಟೆಂಬರಿನವರೆಗೆ ಹಗಲಿನಲ್ಲಿ ಮಕ್ಕಳನ್ನು ಅಂಗಳಕ್ಕೆ ಕಳುಹಿಸುವಂತಿಲ್ಲ. ಕಳುಹಿಸಲು ಹೆಚ್ಚಿನವರಿಗೆ ಅಂಗಳವೂ ಇಲ್ಲ. ಹನ್ನೆರಡನೆಯ ತರಗತಿ ಮುಗಿಸಿದ ಹಿರಿಯ ಮಗನೋ ಮಗಳೋ ಮಂಗಳೂರಿಗೋ ಮೈಸೂರಿಗೋ ಕಾಲೇಜಿಗೆ ಹೊರಟ ಮೇಲೆ, ಅವರು ಬಳಸಿದ ಗಣಕಯಂತ್ರ ಕಿರಿಯರ ಪಾಲಿಗೆ ಬರುತ್ತದೆ. ಅಣ್ಣ ಆಡಿದ ಆಟವನ್ನೇ ತಮ್ಮನೂ ಆಡಲು ಹೊರಡುತ್ತಾನೆ. ಅದು ತಡವರಿಸಿದಾಗ 'ಹೊಸದು ಕೊಡಿಸಿ' ಎಂಬ ಬೇಡಿಕೆ ಹುಟ್ಟುತ್ತದೆ. ಊರಿನ ಮನೆಯ ಸಾಲ, ಹಿರಿಯ ಮಗುವಿನ ಕಾಲೇಜು ಶುಲ್ಕ, ಇಲ್ಲಿನ ಬಾಡಿಗೆ ಇವುಗಳ ನಡುವೆ ಹೊಸ ಗಣಕಕ್ಕೆ ನೂರಾರು ದಿನಾರು ತೆಗೆದಿಡುವುದು ಎಲ್ಲರಿಗೂ ಸುಲಭವಲ್ಲ. ಇಲ್ಲವೆಂದು ಹೇಳುವುದೂ ಸುಲಭವಲ್ಲ. ಎಷ್ಟೋ ಮನೆಗಳಲ್ಲಿ ಎರಡರ ಅಗತ್ಯವೂ ಇಲ್ಲವೆಂಬುದನ್ನು ತಿಳಿಸುವುದೇ ನಮ್ಮ ಇಂದಿನ ಉದ್ದೇಶ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 'ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್' 2005ರ ನವೆಂಬರಿನಲ್ಲಿ ಹೊರಬಂದ ಕಾರೋಟದ ಆಟ. 2012ರಲ್ಲಿ ಇದೇ ಹೆಸರಿನ ಇನ್ನೊಂದು ಆಟವೂ ಬಂದಿತು. ಅದು ಬೇರೆ, ಅದು ಯಂತ್ರದಿಂದ ಬೇಡುವ ಶಕ್ತಿಯೂ ಬಹಳ ಹೆಚ್ಚು. ನಾವು ಹೇಳುತ್ತಿರುವುದು ರಾಕ್‌ಪೋರ್ಟ್ ಎಂಬ ಕಲ್ಪಿತ ನಗರದಲ್ಲಿ ಹದಿನೈದು ಪ್ರತಿಸ್ಪರ್ಧಿಗಳನ್ನು ಒಬ್ಬೊಬ್ಬರನ್ನಾಗಿ ಸೋಲಿಸುತ್ತ ಮೇಲೇರುವ ಹಳೆಯ ಆಟವನ್ನು. ಅದಕ್ಕೆ ಅಂದು ಕನಿಷ್ಠವೆಂದು ಸೂಚಿಸಿದ್ದು 1.4 ಗಿಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ಮೆಮೊರಿ, 32 ಎಂಬಿಯ ಗ್ರಾಫಿಕ್ಸ್ ಕಾರ್ಡು. ಇಂದಿನ ಸಾಧಾರಣ ಮೊಬೈಲಿನಲ್ಲೂ ಇದಕ್ಕಿಂತ ಹೆಚ್ಚಿನ ಸಾಮರ್ಥ್ಯವಿದೆ. ಹಾಗಿದ್ದೂ ಹತ್ತು ಹನ್ನೆರಡು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ ಆಟ ಎಡವುವುದೇಕೆ?

ಮೊದಲು 'ವೇಗ' ಎಂದರೇನೆಂದು ತಿಳಿಯಬೇಕು. ಪರದೆಯ ಮೇಲೆ ಓಡುವ ಕಾರು ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸಾಲು. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಆಟದಲ್ಲಿ ಪ್ರತಿ ಚಿತ್ರವನ್ನೂ ಯಂತ್ರವು ಆ ಕ್ಷಣದಲ್ಲೇ ಬರೆಯಬೇಕು. ಸೆಕೆಂಡಿಗೆ 60 ಚಿತ್ರವೆಂದರೆ ಒಂದಕ್ಕೆ ಸಿಗುವ ಅವಕಾಶ 16.7 ಮಿಲಿಸೆಕೆಂಡು, 30 ಆದರೆ 33.3. ಇಲ್ಲಿ ಸರಾಸರಿಯನ್ನು ಮಾತ್ರ ನಂಬಬಾರದು. ದಿನದ ಸರಾಸರಿ ತಾಪ ಸರಿಯಿದೆಯೆಂದು ಸಂಜೆ ಏರುವ ಜ್ವರವನ್ನು ಕಡೆಗಣಿಸುವ ವೈದ್ಯನುಂಟೇ? ಒಮ್ಮೆ 60, ಒಮ್ಮೆ 18 ಎಂದು ಕುಪ್ಪಳಿಸುವುದಕ್ಕಿಂತ ಒಂದೇ ಸಮನಾದ 30 ಕಣ್ಣಿಗೆ ಹಿತ.

ಈ ಚಿತ್ರಲೇಖನದಲ್ಲಿ ಇಬ್ಬರ ದುಡಿಮೆಯಿದೆ. ಕರಾವಳಿಯವರಿಗೆ ಯಕ್ಷಗಾನದ ಹೋಲಿಕೆ ಸಾಕು. ಪ್ರೊಸೆಸರು ಭಾಗವತರಿದ್ದಂತೆ, ಯಾವ ಕಾರು ಎಲ್ಲಿ, ಪೊಲೀಸರು ಎತ್ತ ತಿರುಗಿದರು ಎಂಬ ಪ್ರಸಂಗವನ್ನೆಲ್ಲ ನಡೆಸುವವರು ಅವರು. ಗ್ರಾಫಿಕ್ಸ್ ಕಾರ್ಡು ಚೌಕಿಯಲ್ಲಿ ಬಣ್ಣ ಬರೆದು ವೇಷ ಕಟ್ಟುವವರಂತೆ. ಪದ ತಡವಾದರೂ ಆಟ ನಿಲ್ಲುತ್ತದೆ, ವೇಷ ತಡವಾದರೂ ನಿಲ್ಲುತ್ತದೆ. ತಡ ಯಾರಿಂದ ಎಂಬುದನ್ನು ಪತ್ತೆಮಾಡುವುದೇ ನಿದಾನ.

ಅದಕ್ಕೆ ಮೂರು ಸರಳ ಪರೀಕ್ಷೆಗಳಿವೆ. ಫ್ರ್ಯಾಪ್ಸ್ ಅಥವಾ ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶ ಪರದೆಯ ಮೂಲೆಯಲ್ಲಿ ಚಿತ್ರಸಂಖ್ಯೆಯನ್ನು ತೋರಿಸುತ್ತದೆ; ಎರಡನೆಯದು ಉಷ್ಣತೆಯನ್ನೂ ತೋರಿಸಬಲ್ಲದು. ಮೊದಲನೆಯ ಪರೀಕ್ಷೆ: ಆಟದ ರೆಸೊಲ್ಯೂಷನ್ನನ್ನು 640×480ಕ್ಕೆ ಇಳಿಸಿ, ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ. ಚಿತ್ರಸಂಖ್ಯೆ ಗಣನೀಯವಾಗಿ ಏರಿದರೆ ಭಾರ ಗ್ರಾಫಿಕ್ಸಿನದು, ಏರದಿದ್ದರೆ ಪ್ರೊಸೆಸರಿನದು. ಎರಡನೆಯದು: ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಂಟುತ್ತದೆಯೇ? ಹಾಗಾದರೆ ಕಾರಣ ಬಿಸಿ. ಮೆಟ್ಟಿಲೇರಿದಾಗ ಮಾತ್ರ ಕಾಣಿಸುವ ಎದೆನೋವಿನಂತೆ ಇದು ಶ್ರಮದಲ್ಲಿ ಮಾತ್ರ ಹೊರಬೀಳುವ ಲಕ್ಷಣ. ಮೂರನೆಯದು: ಹೊಸ ಬಡಾವಣೆಗೆ ತಿರುಗಿದಾಗ ಮಾತ್ರ ಕ್ಷಣಕಾಲ ನಿಂತು ಮುಂದೆ ಹೋಗುತ್ತದೆಯೇ? ಹಾಗಾದರೆ ಹಳೆಯ ಹಾರ್ಡ್ ಡಿಸ್ಕನ್ನೋ ಮೆಮೊರಿಯ ಕೊರತೆಯನ್ನೋ ಶಂಕಿಸಬೇಕು.

ಕುವೈತಿನಲ್ಲಿ ನಾವು ಮೊದಲು ಶಂಕಿಸಬೇಕಾದದ್ದು ಎರಡನೆಯದನ್ನು. ಬೇಸಗೆಯ ಶಮಾಲ್ ಗಾಳಿ ಇರಾಕಿನ ಬಯಲಿನಿಂದ ಹೊತ್ತು ತರುವ ಧೂಳಿನ ಪರಿಚಯ ನಮಗೆಲ್ಲ ಇದೆ. 2022ರ ಮೇ ತಿಂಗಳಿನಲ್ಲಿ ವಿಮಾನ ಸಂಚಾರವನ್ನೇ ಕೆಲಹೊತ್ತು ನಿಲ್ಲಿಸಿದ ಧೂಳದು. ಮುಚ್ಚಿದ ಕಿಟಕಿಯ ಸಂದಿಯಿಂದಲೂ ನುಗ್ಗುವ ಆ ಹಿಟ್ಟಿನಂಥ ಪುಡಿ ಯಂತ್ರದ ಪಂಕದ ಹಿಂದಿನ ಲೋಹದ ಎಸಳುಗಳಲ್ಲಿ ಕೂತು ಕಂಬಳಿಯಂತೆ ಹೆಪ್ಪುಗಟ್ಟುತ್ತದೆ. ಒಳಗಿನ ಬಿಸಿ ಹೊರಹೋಗದಾದಾಗ ಪ್ರೊಸೆಸರು ತನ್ನನ್ನು ಸುಟ್ಟುಕೊಳ್ಳದಿರಲು ತಾನಾಗಿಯೇ ವೇಗವನ್ನು ತಗ್ಗಿಸುತ್ತದೆ. ಹಲವು ಲ್ಯಾಪ್‌ಟಾಪುಗಳಲ್ಲಿ ಇದು ಸುಮಾರು 100 ಡಿಗ್ರಿಯ ಬಳಿ ನಡೆಯುತ್ತದೆ. ಅದು ಯಂತ್ರದ ರೋಗವಲ್ಲ, ಆತ್ಮರಕ್ಷಣೆ. ಜ್ವರ ಬಂದವನಿಗೆ ಓಡು ಎಂದರೆ ಓಡಿಯಾನೇ?

ಆದ್ದರಿಂದ ಚಿಕಿತ್ಸೆಯ ಮೊದಲ ಹೆಜ್ಜೆ ಸೆಟ್ಟಿಂಗ್ಸ್ ಅಲ್ಲ, ಶುಚಿ. ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಳಚಿ, ಪಂಕ ತಿರುಗದಂತೆ ಕಡ್ಡಿಯಿಂದ ತಡೆಹಿಡಿದು, ಡಬ್ಬಿಯ ಒತ್ತಡದ ಗಾಳಿಯನ್ನು ಸಣ್ಣ ಸಣ್ಣ ಊದಾಗಿ ಬಿಡಬೇಕು. ಈ ಕೆಲಸ ಮನೆಯ ಹೊರಗೆ ನಡೆಯಲಿ. ಆಸ್ತಮಾ ಇರುವ ಮಗು ಹತ್ತಿರ ಇರದಿರಲಿ. ಕಸಗುಡಿಸುವ ವ್ಯಾಕ್ಯೂಮ್ ಯಂತ್ರ ಬೇಡ. ಅದರಿಂದ ಹುಟ್ಟುವ ಸ್ಥಾಯೀವಿದ್ಯುತ್ತು ಸೂಕ್ಷ್ಮ ಭಾಗಗಳಿಗೆ ಅಪಾಯ. ಹಲವು ವರ್ಷ ಹಳೆಯ ಯಂತ್ರವಾದರೆ ಪ್ರೊಸೆಸರಿನ ಮೇಲೆ ಹಚ್ಚಿದ ಶಾಖವಾಹಕ ಲೇಪ ಒಣಗಿರುತ್ತದೆ. ಅದನ್ನು ಬದಲಾಯಿಸಲು ಹವಳ್ಳಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಹೊಸ ಯಂತ್ರದ ಬೆಲೆಯ ಅಲ್ಪಾಂಶ ಸಾಕು. ಹಾಸಿಗೆ, ಸೋಫಾಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡಬಾರದು. ಗಾಳಿಯ ಕಿಂಡಿಗಳೇ ಅದರ ಮೂಗು.

ಎರಡನೆಯ ಹೆಜ್ಜೆ: ಕೆಲಸ ಸರಿಯಾದವರ ಕೈಯಲ್ಲಿದೆಯೇ ಎಂದು ನೋಡುವುದು. ಅನೇಕ ಲ್ಯಾಪ್‌ಟಾಪುಗಳಲ್ಲಿ ಎರಡು ಗ್ರಾಫಿಕ್ಸ್ ವ್ಯವಸ್ಥೆಗಳಿರುತ್ತವೆ: ಮಿತವ್ಯಯದ್ದೊಂದು, ಬಲಿಷ್ಠವಾದದ್ದೊಂದು. ಹಳೆಯ ಆಟವನ್ನು ಗುರುತಿಸಲಾರದೆ ಯಂತ್ರ ಅದನ್ನು ಮಿತವ್ಯಯದ ಕಡೆಗೆ ತಳ್ಳಿಬಿಡುವುದುಂಟು. ವಿಂಡೋಸ್ 10 ಅಥವಾ 11ರ ಡಿಸ್‌ಪ್ಲೇ ವಿಭಾಗದ ಗ್ರಾಫಿಕ್ಸ್ ಪುಟದಲ್ಲಿ ಆ ಆಟವನ್ನು ಸೇರಿಸಿ 'ಹೈ ಪರ್ಫಾರ್ಮೆನ್ಸ್' ಎಂದು ಆರಿಸಬೇಕು. ಚಾರ್ಜರನ್ನು ಜೋಡಿಸಿಯೇ ಆಡಬೇಕು. ಬ್ಯಾಟರಿಯ ಮೇಲೆ ಓಡುವಾಗ ಯಂತ್ರ ಶಕ್ತಿಯನ್ನು ಹಿಡಿದಿಡುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೇ ಇಲ್ಲದ ಯಂತ್ರ ಮುಖ್ಯ ಮೆಮೊರಿಯನ್ನೇ ಹಂಚಿಕೊಳ್ಳುವುದರಿಂದ, ಅಲ್ಲಿ ಒಂದು ಮೆಮೊರಿ ಪಟ್ಟಿಯ ಜೊತೆಗೆ ಅಂಥದೇ ಇನ್ನೊಂದನ್ನು ಜೋಡಿಸಿದರೆ ಕಾಣುವಷ್ಟು ಲಾಭವಿದೆ.

ಇದಾದ ಮೇಲೆ ಆಟದ ಒಳಗಿನ ಸೆಟ್ಟಿಂಗ್ಸ್. 'ಎಲ್ಲವನ್ನೂ ಕೆಳಗಿಳಿಸಿಬಿಡು' ಎನ್ನುವುದು ಕಾಯಿಲೆ ಯಾವುದೆಂದು ತಿಳಿಯದೆ ಹತ್ತು ಮಾತ್ರೆ ನುಂಗಿಸಿದಂತೆ. ಒಂದೊಂದಕ್ಕೂ ಬೆಲೆ ಬೇರೆ, ಫಲ ಬೇರೆ.

ರೆಸೊಲ್ಯೂಷನ್ನಿನ ಲೆಕ್ಕವನ್ನು ಮಕ್ಕಳೇ ಮಾಡಲಿ. 1280×1024 ಎಂದರೆ 13,10,720 ಚುಕ್ಕೆಗಳು. 1024×768 ಎಂದರೆ 7,86,432. ಮೊದಲಿನದರ ಸರಿಯಾಗಿ ಶೇಕಡ 60. 800×600 ಎಂದರೆ 4,80,000. ಶೇಕಡ 37ಕ್ಕೂ ಕಡಿಮೆ. ಒಂದೇ ಗುಂಡಿಯಿಂದ ಚಿತ್ರಕಾರನ ಹೊರೆ ಇಷ್ಟು ಇಳಿಯುತ್ತದೆ. ಆದರೆ ಚಪ್ಪಟೆ ಪರದೆಯಲ್ಲಿ ಚಿತ್ರ ತುಸು ಮಸುಕಾಗುತ್ತದೆ. ಆದ್ದರಿಂದ ಇದನ್ನು ಮೊದಲ ಮದ್ದಾಗಿ ಬಳಸದೆ ಉಳಿದವು ಸಾಲದಾದಾಗ ಬಳಸಬೇಕು. ಈ ಆಟ 4:3 ಅನುಪಾತದ ಪರದೆಗಾಗಿ ರೂಪುಗೊಂಡದ್ದು. ಅಗಲ ಪರದೆಯಲ್ಲಿ ಕಾರುಗಳು ಊದಿಕೊಂಡಂತೆ ಕಂಡರೆ, ಗ್ರಾಫಿಕ್ಸ್ ಡ್ರೈವರಿನಲ್ಲಿ ಅನುಪಾತ ಕಾಯುವ ಆಯ್ಕೆಯನ್ನು ಹಾಕಬೇಕು.

ಮೊದಲು ಇಳಿಸಬೇಕಾದದ್ದು ಪ್ರತಿಬಿಂಬಗಳನ್ನು. ಕಾರಿನ ಮೈಮೇಲೆ ಮಿನುಗುವ ಕಟ್ಟಡಗಳಿಗಾಗಿ ಸುತ್ತಲಿನ ದೃಶ್ಯವನ್ನು ಯಂತ್ರ ಮತ್ತೊಮ್ಮೆ ಬರೆಯಬೇಕು. ಒದ್ದೆ ರಸ್ತೆಯ ಪ್ರತಿಬಿಂಬಕ್ಕಾಗಿ ತಲೆಕೆಳಗಾಗಿ ಇನ್ನೊಮ್ಮೆ. ಇವುಗಳ ವಿವರವನ್ನೂ ಎಷ್ಟು ಬೇಗ ಹೊಸದಾಗಬೇಕೆಂಬುದನ್ನೂ ಕಡಿಮೆ ಮಾಡಿದರೆ ದೊಡ್ಡ ಹೊರೆ ಇಳಿಯುತ್ತದೆ. ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಓಡುವವನ ಕಣ್ಣು ಬಾನೆಟ್ಟಿನ ಮೇಲಿರುವುದಿಲ್ಲ. ಎರಡನೆಯದು ನೆರಳು, ಬೆಳಕಿನ ದಿಕ್ಕಿನಿಂದ ನೋಡಿ ಮತ್ತೆ ಬರೆಯಬೇಕಾದ್ದರಿಂದ ಅದೂ ದುಬಾರಿ. ಮೂರನೆಯದು ಆಂಟಿ ಏಲಿಯಾಸಿಂಗ್. ಅಂಚುಗಳ ಗರಗಸದ ಹಲ್ಲನ್ನು ನಯಗೊಳಿಸಲು ಪ್ರತಿ ಚುಕ್ಕೆಯಲ್ಲೂ ಹಲವು ಮಾದರಿಗಳನ್ನು ತೆಗೆಯುವ ಉಪಾಯ. ದುರ್ಬಲ ಯಂತ್ರದಲ್ಲಿ ಇದನ್ನು ಆರಿಸಿಡುವುದೇ ಲೇಸು. ಮಳೆ, ಹೊಗೆ, ಧೂಳಿನ ಕಣಗಳು ಒಂದರ ಮೇಲೊಂದು ಪಾರದರ್ಶಕ ಪದರಗಳಾಗಿ ಬೀಳುವುದರಿಂದ ಅವುಗಳನ್ನೂ ಮಿತಗೊಳಿಸಬಹುದು.

ಇಳಿಸಬಾರದ್ದೂ ಇದೆ. ದೂರದ ರಸ್ತೆಯ ಗೆರೆಗಳನ್ನು ಸ್ಪಷ್ಟವಾಗಿಡುವ ಟೆಕ್ಸ್‌ಚರ್ ಫಿಲ್ಟರಿಂಗ್ ಬಹುತೇಕ ಕಾರ್ಡುಗಳಿಗೆ ಹಗುರ ಕೆಲಸ; ಆಡುವವನಿಗೆ ಅದರಿಂದ ನಿಜವಾದ ಉಪಕಾರವಿದೆ. ದೂರದ ಪ್ರಪಂಚದ ವಿವರವನ್ನು ತೀರ ಇಳಿಸಿದರೆ ಮುಂದಿನ ತಿರುವು ಕಾಣುವುದೇ ತಡವಾಗುತ್ತದೆ. ಕಾರಿನ ಆಕಾರದ ವಿವರವನ್ನು ಮಧ್ಯಮದಲ್ಲಿಡಬಹುದು. ಈ ಬಗೆಯ ಚಿತ್ರಕಲೆಯಲ್ಲಿ ಕನ್ನಡ ನಾಡಿಗೂ ಪಾಲಿದೆಯೆಂಬುದನ್ನು ಮಕ್ಕಳು ತಿಳಿಯಲಿ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆ 'ಫೋರ್ಝಾ' ಹೆಸರಿನ ಪ್ರಸಿದ್ಧ ಕಾರೋಟದ ಆಟಗಳಿಗೂ ಚಿತ್ರಕೆಲಸ ಮಾಡಿಕೊಟ್ಟಿತು. 2019ರಲ್ಲಿ ಅದು ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು.

ಇನ್ನು ವಿ-ಸಿಂಕ್. ಚಿತ್ರವು ನಡುವೆ ಹರಿದಂತೆ ಕಾಣುವುದನ್ನು ಇದು ತಪ್ಪಿಸುತ್ತದೆ. ಆದರೆ 60 ಹರ್ಟ್ಸ್ ಪರದೆಯಲ್ಲಿ ಯಂತ್ರ 16.7 ಮಿಲಿಸೆಕೆಂಡಿನೊಳಗೆ ಚಿತ್ರ ಮುಗಿಸದಿದ್ದರೆ ಮುಂದಿನ ಸರದಿಗೆ ಕಾಯಬೇಕಾಗಿ, ವೇಗ ಒಮ್ಮೆಲೆ 30ಕ್ಕೆ ಬೀಳಬಹುದು. ಬಸ್ಸು ಒಂದು ನಿಮಿಷದಲ್ಲಿ ತಪ್ಪಿದರೂ ಮುಂದಿನ ಬಸ್ಸಿಗೇ ಕಾಯಬೇಕಲ್ಲವೇ? 60ಕ್ಕೆ ಏರಲಾರದ ಯಂತ್ರದಲ್ಲಿ ಇದನ್ನು ಆರಿಸಿ ನೋಡಬೇಕು.

ಕೊನೆಯದಾಗಿ ಮೋಷನ್ ಬ್ಲರ್, ಅಂದರೆ ವೇಗದಲ್ಲಿ ಚಿತ್ರವನ್ನು ಬೇಕೆಂದೇ ಮಸುಕಾಗಿಸುವ ಅಲಂಕಾರ. ಇದನ್ನು ಆರಿಸಿರೆಂದು ನಾವು ಹೇಳುವುದು ಯಂತ್ರದ ಹಿತಕ್ಕಿಂತ ಮಗುವಿನ ಹಿತಕ್ಕಾಗಿ. ಆಟವಾಡಿದ ಮೇಲೆ ತಲೆನೋವು, ವಾಕರಿಕೆ ಎಂಬ ದೂರುಗಳು ಕೇಳಿಬರುತ್ತವೆ. ಮಗು ಓದು ತಪ್ಪಿಸಲು ನಟಿಸುತ್ತದೆ ಎನ್ನುವವರೂ ಇದ್ದಾರೆ, ದೃಷ್ಟಿ ತಾಕಿತೆಂದು ಉಪ್ಪು ನಿವಾಳಿಸುವವರೂ ಇದ್ದಾರೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಚಾಲಕನಿಗೆ ಏನೂ ಆಗದೆ ಹಿಂದಿನ ಸೀಟಿನವರಿಗೆ ವಾಂತಿಯಾಗುವುದನ್ನು ನೆನೆಯಿರಿ. ಕಣ್ಣು ಹೇಳುವ ಚಲನೆಗೂ ಒಳಗಿವಿಯ ಸಮತೋಲದ ಅಂಗ ಹೇಳುವ ಚಲನೆಗೂ ಹೊಂದಾಣಿಕೆ ತಪ್ಪಿದಾಗ ಮಿದುಳು ಗಲಿಬಿಲಿಗೊಳ್ಳುತ್ತದೆ. ಕೈ ಒತ್ತಿದ ಗುಂಡಿಗೆ ಚಿತ್ರ ತಡವಾಗಿ ಉತ್ತರಿಸಿದರೆ, ಚಿತ್ರ ಎಡವುತ್ತ ಸಾಗಿದರೆ, ಆ ಗಲಿಬಿಲಿ ಹೆಚ್ಚುತ್ತದೆ. ಚಾಲಕನ ಸ್ಥಾನದಲ್ಲಿದ್ದ ಮಗು ಪ್ರಯಾಣಿಕನ ಸ್ಥಾನಕ್ಕೆ ಇಳಿದುಬಿಡುತ್ತದೆ. ಚಿತ್ರಗತಿಯನ್ನು ಸಮಗೊಳಿಸುವುದು ಆದ್ದರಿಂದ ಬರಿಯ ಶೋಕಿಯಲ್ಲ.

ಯಂತ್ರ ಸರಿಯಾದ ಮೇಲೂ ತಲೆನೋವು ಉಳಿದರೆ ಕಣ್ಣಿನ ಪರೀಕ್ಷೆ ಮಾಡಿಸಲೇಬೇಕು. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ, ಏಸಿಯ ಒಣಗಾಳಿಯಲ್ಲಿ ಕಣ್ಣು ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸ ಒಳ್ಳೆಯದು. ಅಪಸ್ಮಾರದ ಇತಿಹಾಸವಿರುವ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳದೆ ಮುಂದುವರಿಯಬಾರದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೊಕೆಮಾನ್ ಧಾರಾವಾಹಿಯ ಮಿನುಗುವ ಬೆಳಕಿನಿಂದ ಆರುನೂರಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದ್ದರು. ಆಟದ ಆರಂಭದಲ್ಲಿ ಕಾಣುವ ಎಚ್ಚರಿಕೆಯ ಸಾಲು ಅಲಂಕಾರಕ್ಕಿಲ್ಲ.

ಬಂಧುಗಳೇ, ಎಲ್ಲ ರೋಗಿಗಳೂ ಗುಣವಾಗುವುದಿಲ್ಲವೆಂಬುದನ್ನು ವೈದ್ಯರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಇಷ್ಟೆಲ್ಲ ಮಾಡಿದರೂ ಕೆಲವು ಯಂತ್ರಗಳು ಏಳಲಾರವು. ಆಗ ಹಾಸಿಗೆ ಇದ್ದಷ್ಟು ಕಾಲು ಚಾಚುವ ಗಾದೆಯಂತೆ ಇನ್ನೂ ಹಳೆಯ, ಹಗುರವಾದ ಆಟವನ್ನು ಆರಿಸಿಕೊಳ್ಳಬೇಕು. ಆದರೆ ಕೊಳ್ಳುವ ನಿರ್ಧಾರ ನಿದಾನದ ಅನಂತರ ಬರಲಿ, ಮೊದಲಲ್ಲ.

ಈ ಕೆಲಸವನ್ನು ಅಂಗಡಿಯವರಿಗೋ ನೆರೆಮನೆಯ ಹುಡುಗನಿಗೋ ಒಪ್ಪಿಸಬೇಡಿರೆಂಬುದು ನಮ್ಮ ಬಿನ್ನಹ. ರಜೆಯ ಒಂದು ಶುಕ್ರವಾರ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಒಂದು ನೋಟುಪುಸ್ತಕ ತೆರೆಯಿರಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗನ್ನು ಬದಲಿಸಿ, ಅದೇ ರಸ್ತೆಯಲ್ಲಿ ಓಡಿಸಿ, ಮೊದಲೆಷ್ಟಿತ್ತು, ಈಗೆಷ್ಟಾಯಿತು ಎಂಬುದನ್ನು ಮಗುವೇ ಬರೆದಿಡಲಿ. ಗೊತ್ತಾಗದಿದ್ದಲ್ಲಿ ಹಾಸ್ಟೆಲಿನಲ್ಲಿರುವ ಅಣ್ಣನಿಗೋ ಅಕ್ಕನಿಗೋ ಫೋನು ಮಾಡಿ ಕೇಳಲಿ. ಮನೆ ಬಿಟ್ಟು ಹೋದವರಿಗೂ ತಮ್ಮ ಅಗತ್ಯ ಇನ್ನೂ ಇದೆಯೆಂದು ತಿಳಿಯಲಿ. ಒಂದನ್ನು ಬದಲಿಸಿ ಉಳಿದವನ್ನು ಹಾಗೆಯೇ ಇಟ್ಟು ಫಲವನ್ನು ಅಳೆಯುವುದೇ ವಿಜ್ಞಾನದ ಕ್ರಮ. ನಮಗೆ ಅದನ್ನು ವೈದ್ಯಕೀಯ ಕಾಲೇಜು ಕಲಿಸಿತು. ನಿಮ್ಮ ಮಗುವಿಗೆ ಒಂದು ಹಳೆಯ ಕಾರೋಟದ ಆಟ ಕಲಿಸಬಲ್ಲದು, ಜೊತೆಗೆ ನೀವಿದ್ದರೆ.