ಒದ್ದೆ ಗೋಡೆಯ ಮನೆ

(ಲೂರ್ದು ಮಾತೆಯ ಹಬ್ಬದಂದು ನೀಡಿದ ಪ್ರಬೋಧನೆ)



ಇಂದು ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಗೊತ್ತುಪಡಿಸಿದರು. 1993ರಿಂದ ಧರ್ಮಸಭೆ ಅದನ್ನು ಆಚರಿಸುತ್ತಾ ಬಂದಿದೆ. ನೀವೆಲ್ಲ ಬೆಳಿಗ್ಗೆಯೇ ಗವಿಯ ಮುಂದೆ ಮೇಣದಬತ್ತಿ ಹಚ್ಚಿ ಒಳಗೆ ಬಂದಿದ್ದೀರಿ. ಹೊರಗೆ ಒಳ್ಳೆಯ ಬಿಸಿಲಿದೆ, ಅಂಗಳಗಳಲ್ಲಿ ಅಡಿಕೆ ಒಣಗುತ್ತಿದೆ. ನಾನು ಮಾತು ಶುರುಮಾಡಿ ಇಷ್ಟು ಹೊತ್ತಾದರೂ ಒಬ್ಬರೂ ಕೆಮ್ಮಲಿಲ್ಲ. ಜುಲೈ ತಿಂಗಳಲ್ಲಿ ಇದೇ ಬೆಂಚುಗಳಿಂದ ಬರುವ ಕೆಮ್ಮಿನ ಸದ್ದಿನಲ್ಲಿ ನನ್ನ ಪ್ರಬೋಧನೆ ನನಗೇ ಕೇಳಿಸುವುದಿಲ್ಲ.

ಇಂಥ ಒಣ ದಿನಗಳಲ್ಲೇ ಮಳೆಗಾಲದ ವಿಷಯ ಮಾತನಾಡಬೇಕೆಂದು ನನ್ನ ಆಸೆ. ಮೇ ತಿಂಗಳಲ್ಲಿ ಶಾಲೆಗೆ ಸೇರಿಸುವ ಗಡಿಬಿಡಿ ಬರುವ ಮುನ್ನ, ಈಗಲೇ, ಕೆಲವು ಮನೆಗಳಲ್ಲಿ ರಾತ್ರಿ ಊಟದ ನಂತರ ಒಂದು ಮಾತು ನಡೆಯುತ್ತಿರುತ್ತದೆ: ಈ ಮಳೆಯ ಊರು ಬಿಟ್ಟು ಬಯಲುಸೀಮೆಗೆ ಹೋಗೋಣವೇ?

ಹಿಂದೆ ನಾನು ಆಗುಂಬೆ ಕಡೆಯ ಒಂದು ಧರ್ಮಕೇಂದ್ರದಲ್ಲಿದ್ದಾಗ ಒಂದು ಕುಟುಂಬ ಈ ಪ್ರಶ್ನೆ ಹಿಡಿದುಕೊಂಡು ನನ್ನಲ್ಲಿಗೆ ಬಂದಿತ್ತು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಮಾತ್ರ ಹೇಳುವುದಿಲ್ಲ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ. ಒಂದೂವರೆ ಎಕರೆ ಅಡಿಕೆ ತೋಟ. ಒಂಬತ್ತು ವರ್ಷದ ಚಿಕ್ಕ ಮಗಳಿಗೆ ಉಬ್ಬಸ. ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ತಾಯಿಯೂ ಮಗಳೂ ಗೋಡೆಗೆ ಒರಗಿ ಕುಳಿತೇ ರಾತ್ರಿ ಕಳೆಯುತ್ತಿದ್ದರು. ಆ ಹುಡುಗಿಯ ಸೋದರಮಾವ ಇರುವುದು ಚಿತ್ರದುರ್ಗದ ಆಚೆ. ಬೇಸಿಗೆ ರಜೆಯಲ್ಲಿ ಅಲ್ಲಿ ಒಂದು ತಿಂಗಳಿದ್ದಾಗ ಮಗು ಒಮ್ಮೆಯೂ ಏದುಸಿರು ಬಿಡಲಿಲ್ಲವಂತೆ. "ತೋಟ ಮಾರಿ ಆ ಕಡೆಗೇ ಹೋಗಿಬಿಡೋಣ ಅಂತ ಇದ್ದೀವಿ ಫಾದರ್. ಹೋಗೋದೋ ಬೇಡವೋ, ನೀವೇ ಹೇಳಿ" ಎಂದರು ತಂದೆ. ಅಜ್ಜಿ ಬಾಗಿಲ ಬಳಿ ಜಪಸರ ಹಿಡಿದು ನಿಂತಿದ್ದರು. ಅವರ ಮುಖ ನೋಡಿದರೆ ಉತ್ತರ ಅದಾಗಲೇ ತೀರ್ಮಾನವಾದಂತಿತ್ತು.

ಆ ಸಂಜೆ ನಾನು ಅವರಿಗೆ ಉತ್ತರ ಕೊಡಲಿಲ್ಲ. ಲೂರ್ದಿನ ಇನ್ನೊಂದು ಕುಟುಂಬದ ಕಥೆ ಹೇಳಿದೆ. ಇಂದು ನಿಮಗೂ ಅದನ್ನೇ ಹೇಳುತ್ತೇನೆ.

ಬರ್ನದೆತ್ತಮ್ಮನವರ ತಂದೆ ಗಿರಣಿ ನಡೆಸುತ್ತಿದ್ದವರು. ಕೈಸೋತು ಗಿರಣಿ ಬಿಡಬೇಕಾಯಿತು. 1857ರಲ್ಲಿ ಆ ಕುಟುಂಬಕ್ಕೆ ಸಿಕ್ಕಿದ್ದು ಊರಿನ ಹಳೆಯ ಸೆರೆಮನೆಯ ಒಂದು ಕೋಣೆ. ಕೈದಿಗಳಿಗೂ ಯೋಗ್ಯವಲ್ಲವೆಂದು ಬಿಟ್ಟಿದ್ದ ಕೋಣೆ ಅದು. ಸುಮಾರು 16 ಚದರ ಮೀಟರ್ ಜಾಗದಲ್ಲಿ ತಂದೆ, ತಾಯಿ, ನಾಲ್ವರು ಮಕ್ಕಳು. ಬಿಸಿಲು ಬಾರದು, ಗೋಡೆ ಒಣಗದು. ಬರ್ನದೆತ್ತಮ್ಮನಿಗೆ 1855ರಲ್ಲಿ ಕಾಲರಾ ಬಂದುಹೋಗಿತ್ತು, ಉಬ್ಬಸ ಅವಳನ್ನು ಕಾಡುತ್ತಿತ್ತು. ನಮ್ಮ ಗವಿಯಲ್ಲಿ ನೀಲಿ ನಡುಪಟ್ಟಿಯ ಮಾತೆಯ ಮುಂದೆ ಮೊಣಕಾಲೂರಿದ ಹುಡುಗಿಯ ಪ್ರತಿಮೆ ನೋಡುತ್ತೀರಲ್ಲ, ಆಕೆ ರಾತ್ರಿಯೆಲ್ಲ ಉಸಿರಿಗೆ ಒದ್ದಾಡುತ್ತಿದ್ದ ಮಗು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1858ರ ಫೆಬ್ರವರಿ 11ರಂದು ಮನೆಯಲ್ಲಿ ಸೌದೆ ಇರಲಿಲ್ಲ. ತಂಗಿಯೂ ಗೆಳತಿಯೂ ಹೊರಟಾಗ ತಾಯಿ ಇವಳನ್ನು ಕಳಿಸಲು ಹಿಂದೆಮುಂದೆ ನೋಡಿದರು, ಚಳಿಯಲ್ಲಿ ಉಸಿರು ಕಟ್ಟೀತೆಂದು. ಕೊನೆಗೆ ತಲೆಗೆ ಹೊದಿಕೆ ಹಾಕಿ, ಕಾಲಿಗೆ ಕಾಲುಚೀಲ ತೊಡಿಸಿ ಕಳಿಸಿದರು. ಉಳಿದಿಬ್ಬರು ತಣ್ಣೀರು ದಾಟಿ ಆಚೆ ಹೋದರು. ಇವಳು ಕಾಲುಚೀಲ ಬಿಚ್ಚುತ್ತಾ ಹಿಂದುಳಿದಳು. ಮಾತೆಯ ದರ್ಶನವಾದದ್ದು ಆಗಲೇ. ಆ ಕಾಲುಚೀಲದ ಹಿಂದೆ ಒಬ್ಬ ಬಡ ತಾಯಿಯ ಎಷ್ಟು ಲೆಕ್ಕಾಚಾರವಿತ್ತೆಂದು ಇಲ್ಲಿ ಕುಳಿತಿರುವ ತಾಯಂದಿರಿಗೆ ನಾನು ವಿವರಿಸಬೇಕಿಲ್ಲ.

ಅದಕ್ಕೂ ಮುನ್ನ ನಡೆದ ಒಂದು ಸಂಗತಿ ನನಗೆ ಇನ್ನೂ ಮುಖ್ಯ. 1857ರಲ್ಲಿ ಬರ್ನದೆತ್ತಮ್ಮನನ್ನು ಹತ್ತಿರದ ಬಾರ್ತ್ರೆಸ್ ಎಂಬ ಹಳ್ಳಿಗೆ, ಹಿಂದೆ ಅವಳಿಗೆ ಹಾಲೂಡಿಸಿದ್ದ ದಾದಿಯ ಮನೆಗೆ ಕಳಿಸಿದ್ದರು. ಮನೆಯಲ್ಲಿ ತಿನ್ನುವ ಒಂದು ಬಾಯಿ ಕಡಿಮೆಯಾಗುತ್ತದೆ, ಅಲ್ಲಿ ಕುರಿ ಕಾಯಲು ಒಂದು ಜೀವ ಸಿಗುತ್ತದೆ. ಬಯಲಿನ ಗಾಳಿ, ಹೊಟ್ಟೆಗೂ ಇಲ್ಲಿಗಿಂತ ವಾಸಿ. ಆದರೂ 1858ರ ಜನವರಿಯಲ್ಲಿ ಅವಳು ತಾನಾಗಿಯೇ ಹಟಹಿಡಿದು ಆ ಒದ್ದೆ ಕೋಣೆಗೆ ಮರಳಿದಳು. ಧರ್ಮೋಪದೇಶ ಕಲಿತು ಮೊದಲ ಪರಮಪ್ರಸಾದ ಸ್ವೀಕರಿಸಬೇಕೆಂಬ ಆಸೆ, ಮನೆಯವರ ನಡುವೆ ಇರಬೇಕೆಂಬ ಆಸೆ. ದೊಡ್ಡವರು ಗಾಳಿಯ ಲೆಕ್ಕ ಹಾಕಿದರು. ಮಗುವಿಗೆ ಅದರ ಜೊತೆಗೆ ಬೇರೆ ಲೆಕ್ಕವೂ ಇತ್ತು.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಚಳ್ಳಕೆರೆ ಕಡೆ 500ರ ಆಸುಪಾಸು. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯದಲ್ಲಿ ಈ ಎರಡೂ ಊರುಗಳಿವೆ. ಒಂದೇ ದಿನದ ಬಸ್ ಪ್ರಯಾಣ, ಆದರೆ ಉಸಿರಾಡುವ ಗಾಳಿಯೇ ಬೇರೆ. ಮಲೆನಾಡಿನ ಜಡಿಮಳೆಯಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಹಾಸಿಗೆ, ಕಂಬಳಿಗಳ ಥಂಡಿಯಲ್ಲಿ ಕಣ್ಣಿಗೆ ಕಾಣದ ಧೂಳುಹುಳುಗಳು ಹೆಚ್ಚುತ್ತವೆ. ಇವೆರಡೂ ಅನೇಕರಲ್ಲಿ ಉಬ್ಬಸವನ್ನು ಕೆರಳಿಸುತ್ತವೆ. ಆದ್ದರಿಂದ ಒಣ ಹವೆಯ ಊರಿಗೆ ಹೋದ ಕೆಲವರಿಗೆ ಸುಖವೆನಿಸುವುದು ಸುಳ್ಳಲ್ಲ.

ಆದರೆ ಆ ತಂದೆಯನ್ನು ನಾನು ಒಂದು ಪ್ರಶ್ನೆ ಕೇಳಿದೆ. "ಏಪ್ರಿಲ್ ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಮಗು ಹೇಗಿರ್ತಾಳೆ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲೂ ಚೆನ್ನಾಗೇ ಇರ್ತಾಳೆ ಫಾದರ್" ಎಂದರು. ಬೇಸಿಗೆಯ ಚಿತ್ರದುರ್ಗವನ್ನು ಮಳೆಗಾಲದ ಆಗುಂಬೆಯೊಂದಿಗೆ ಹೋಲಿಸಿ ತೋಟ ಮಾರಲು ಹೊರಟಿದ್ದರು. ಪಾಪ, ನಿದ್ದೆಗೆಟ್ಟವರು ಲೆಕ್ಕ ತಪ್ಪುವುದು ಸಹಜ.

ಒಣ ಊರಿಗೂ ಅದರದೇ ಕಾಯಿಲೆಗಳಿವೆ. ಧೂಳು, ಗಾಳಿ, ಚಳಿಗಾಲದ ಒಣ ಥಂಡಿ. ಹೊಲದ ಬದುವಿನ ತುಂಬ ಕಾಂಗ್ರೆಸ್ ಗಿಡ. ಅದರ ಹೂವಿನ ಪರಾಗ ಕೆಲವರ ಮೂಗಿಗೂ ಚರ್ಮಕ್ಕೂ ಆಗಿಬರುವುದಿಲ್ಲ. ಬೂಷ್ಟು ತಪ್ಪಿಸಿಕೊಂಡು ಹೋದವರಿಗೆ ಒಂದೆರಡು ವರ್ಷದಲ್ಲಿ ಪರಾಗ ಕಾಡುವುದೂ ಉಂಟು. ಇನ್ನು ನೀರು. ನೂರಾರು ಅಡಿ ಕೊರೆದರೂ ಬೋರ್‌ವೆಲ್ ಕೈಕೊಡಬಹುದು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ್ದು ನಿಮಗೆ ನೆನಪಿರಬೇಕು. ನೀರೆಂದರೆ ಮನೆ ಹಿಂದಿನ ಅಬ್ಬಿ ಎಂದುಕೊಂಡು ಬೆಳೆದವರು ಟ್ಯಾಂಕರಿಗೆ ಕಾಯುವುದನ್ನು ಕಲಿಯಬೇಕಾಗುತ್ತದೆ.

ಗಾಳಿಯೇ ಔಷಧಿ ಎಂಬ ನಂಬಿಕೆ ಹಳೆಯದು. ಒಂದು ಕಾಲದಲ್ಲಿ ಕ್ಷಯರೋಗಿಗಳನ್ನು ಒಣ ಹವೆಯ ಊರುಗಳ ಆರೋಗ್ಯಧಾಮಗಳಿಗೆ ಕಳಿಸುತ್ತಿದ್ದರು. ನಮ್ಮ ನೆರೆಯ ಆಂಧ್ರದ ಮದನಪಲ್ಲಿ ಬಳಿಯ ಆರೋಗ್ಯವರಂ ಅಂಥದ್ದು, 1915ರಲ್ಲಿ ತೆರೆದದ್ದು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ರೋಗಿ ಒಂದು ಕಡೆ, ಮನೆಯವರು ಒಂದು ಕಡೆ. ನಂತರ ಕ್ಷಯಕ್ಕೆ ಔಷಧಿಗಳು ಬಂದವು. ಮದ್ರಾಸಿನಲ್ಲಿ ಒಂದು ಅಧ್ಯಯನ ನಡೆಯಿತು. ಕೆಲವು ರೋಗಿಗಳಿಗೆ ಆರೋಗ್ಯಧಾಮದಲ್ಲಿ, ಕೆಲವರಿಗೆ ಅವರ ಬಡ ಮನೆಗಳಲ್ಲೇ, ಅದೇ ಔಷಧಿ ಕೊಟ್ಟರು. 1959ರಲ್ಲಿ ಫಲಿತಾಂಶ ಪ್ರಕಟವಾದಾಗ ಜಗತ್ತಿನ ವೈದ್ಯರು ಬೆರಗಾದರು: ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣಮುಖರಾಗಿದ್ದರು. ಕ್ಷಯ ಬೇರೆ, ಉಬ್ಬಸ ಬೇರೆ, ಒಪ್ಪುತ್ತೇನೆ. ಆದರೂ ಔಷಧಿ ಸರಿಯಾಗಿ ತೆಗೆದುಕೊಳ್ಳುವ ಮುನ್ನವೇ ಊರು ಬದಲಿಸುವ ಯೋಚನೆ ಮಾಡುವವರು ಇದನ್ನು ತಿಳಿದಿರುವುದು ಒಳ್ಳೆಯದು. ಆ ಹುಡುಗಿಯ ಮನೆಯಲ್ಲಿ ಪಂಪು ಇತ್ತು. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ಪಂಪು ಬೇರೆ, ಕಟ್ಟದಂತೆ ದಿನವೂ ಬಳಸುವ ಪಂಪು ಬೇರೆ. ಎರಡನೆಯದನ್ನು ಅವರು, ಚಟವಾದೀತೆಂಬ ಹೆದರಿಕೆಯಿಂದ, ನಿಲ್ಲಿಸಿಬಿಟ್ಟಿದ್ದರು. ಚಟವಾಗುವ ಔಷಧಿ ಅದಲ್ಲ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಎಂದು ಇಲ್ಲಿರುವ ಎಲ್ಲ ತಂದೆತಾಯಂದಿರನ್ನೂ ಕೈಮುಗಿದು ಕೇಳುತ್ತೇನೆ. ಜೊತೆಗೆ, ಮಗು ಮಲಗುವ ಕೋಣೆ ಬಚ್ಚಲ ಒಲೆಯ ಪಕ್ಕದಲ್ಲೇ ಇತ್ತು. ಮಳೆಗಾಲದಲ್ಲಿ ಬಟ್ಟೆಯೆಲ್ಲ ಆ ಒಲೆಯ ಮೇಲೆ, ಹೊಗೆಯೆಲ್ಲ ಆ ಕೋಣೆಯ ಒಳಗೆ.

ಹೊರಟಾಗ ಆ ಹುಡುಗಿ ಗೇಟಿನ ತನಕ ನನ್ನ ಹಿಂದೆಯೇ ಬಂದಳು. ಅದೇನು ಪುಟ್ಟಾ ಎಂದೆ. "ಫಾದರ್, ನಂಗೀಗ ಅಷ್ಟು ಕೆಮ್ಮು ಇಲ್ಲ ಅಂತ ಅಪ್ಪನಿಗೆ ಹೇಳ್ತೀರಾ? ತೋಟ ಮಾರೋದು ಬೇಡ ಅನ್ನಿ" ಎಂದಳು. ರಾತ್ರಿ ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಿ ಮಲಗುತ್ತಿದ್ದಳು ಎಂಬುದು ಮಾತಾಡುತ್ತಾ ತಿಳಿಯಿತು. ದೊಡ್ಡವರು ಜಗಲಿಯಲ್ಲಿ ಕುಳಿತು, ಇವಳ ಸಲುವಾಗಿ ತೋಟ ಹೋಯಿತು, ಇವಳ ಸಲುವಾಗಿ ಅಜ್ಜಿಗೆ ಊರು ತಪ್ಪಿತು ಎಂದು ಆಡಿದ ಒಂದೊಂದು ಮಾತೂ ಒಳಕೋಣೆಗೆ ಕೇಳಿಸಿತ್ತು. ಪ್ರಿಯರೇ, ಇಡೀ ವಿಷಯದಲ್ಲಿ ನನ್ನನ್ನು ಹೆದರಿಸಿದ್ದು ಇದೊಂದೇ. ಹೋಗಲಿ, ಇರಲಿ, ಎರಡೂ ಸರಿಯಾಗಬಹುದು. ಆದರೆ ಒಂಬತ್ತು ವರ್ಷದ ಮಗು ಮನೆಯವರ ಸಾಲವನ್ನು ತನ್ನ ಎದೆಗೂಡಿನ ಮೇಲೆ ಹೊರಬಾರದು. ನಾನು ಮರುದಿನವೇ ಹಿಂತಿರುಗಿ ಹೋಗಿ ತಂದೆಗೆ ಅದನ್ನು ಹೇಳಿದೆ. ಅವರು ಅತ್ತುಬಿಟ್ಟರು.

ಸಂತ ಜೋಸೆಫರನ್ನು ನೋಡಿ. ಹೆರೋದ ಸತ್ತಮೇಲೆ ಈಜಿಪ್ಟಿನಿಂದ ಹಿಂತಿರುಗು ಎಂದು ದೇವದೂತ ತಿಳಿಸಿದ, ಸರಿ. ಆದರೆ ಜೋಸೆಫರು ಜುದೇಯದಲ್ಲಿ ಈಗ ಯಾರು ಆಳುತ್ತಿದ್ದಾರೆಂದು ವಿಚಾರ ತಿಳಿದರು, ಹೆದರಿದರು, ಕನಸಿನಲ್ಲಿ ಬಂದ ಎಚ್ಚರಿಕೆಯನ್ನು ಕೇಳಿ ಗಲಿಲೇಯದ ನಜರೇತಿಗೆ ಹೋಗಿ ನೆಲೆಸಿದರು. ದೇವರ ಮಾತಿದ್ದರೂ ವಿಚಾರಿಸುವುದನ್ನು ಬಿಡಲಿಲ್ಲ. ಕೈಯಲ್ಲಿ ಮಗುವಿತ್ತಲ್ಲ.

ಆ ಕುಟುಂಬ ಆ ವರ್ಷ ತೋಟ ಮಾರಲಿಲ್ಲ. ಮಲಗುವ ಕೋಣೆ ಬದಲಿಸಿದರು, ಬಚ್ಚಲ ಒಲೆಗೆ ಹೊಗೆಗೂಡು ಕಟ್ಟಿಸಿದರು, ನಿಲ್ಲಿಸಿದ್ದ ಔಷಧಿ ಮತ್ತೆ ಶುರುವಾಯಿತು. ರಾತ್ರಿಗಳು ಅರ್ಧದಷ್ಟು ಸುಧಾರಿಸಿದವು, ಪೂರ್ತಿ ಅಲ್ಲ. ಮರುವರ್ಷ ಜುಲೈನಲ್ಲಿ ಶಾಲೆಯವರ ಒಪ್ಪಿಗೆ ಪಡೆದು ತಾಯಿ ಮಗಳು ಮೂರು ವಾರ ಸೋದರಮಾವನ ಮನೆಯಲ್ಲಿದ್ದು ನೋಡಿದರು. ಅದರ ಮುಂದಿನ ವರ್ಷ ಅವರು ಹೋದರು. ತೋಟವನ್ನು ನೆಂಟರಿಗೆ ಗೇಣಿಗೆ ಕೊಟ್ಟರು. ಹೊರಡುವ ಮುನ್ನ ತಂದೆ ಮಗಳನ್ನು ಕೂರಿಸಿಕೊಂಡು, "ಕೊಳೆರೋಗಕ್ಕೆ ಔಷಧಿ ಹೊಡೆದು ಹೊಡೆದು ನಂಗೂ ಸಾಕಾಗಿದೆ ಮಗಾ, ನಿನ್ನೊಬ್ಬಳಿಗೋಸ್ಕರ ಅಲ್ಲ" ಎಂದರಂತೆ. ಅದು ಸುಳ್ಳೂ ಅಲ್ಲ. ಅಜ್ಜಿ ಮೊದಲ ಮಳೆಗಾಲ ಮುಗಿಯುವ ತನಕ ಊರು ಬಿಡಲಿಲ್ಲ, ಆಮೇಲೆ ಹೋದರು.

ಕಳೆದ ವರ್ಷ ಅವರ ಮನೆಗೆ ಹೋಗಿದ್ದೆ. ಹುಡುಗಿ ಈಗ ಪಿಯುಸಿ. ಪಂಪು ಇನ್ನೂ ಚೀಲದಲ್ಲಿದೆ. ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ಎದೆ ಸ್ವಲ್ಪ ಬಿಗಿಯುತ್ತದೆ, ಜುಲೈನಲ್ಲಿ ಮಾತ್ರ ನಿದ್ದೆ ಬರುತ್ತದೆ ಎಂದಳು. ಅಜ್ಜಿಗೆ ಬಿಸಿಲು ಇನ್ನೂ ಒಗ್ಗಿಲ್ಲ. ಊರಿನಲ್ಲಿ ಮಳೆ ಹಿಡಿಯಿತೇ ಎಂದು ಜೂನ್ ಮೊದಲ ವಾರದಿಂದಲೇ ಫೋನ್ ಮಾಡಿಸುತ್ತಾರಂತೆ.

ಬರ್ನದೆತ್ತಮ್ಮನವರು 1866ರಲ್ಲಿ ನೆವೇರ್ ನಗರದ ಕನ್ಯಾಮಠ ಸೇರಿದರು. ಎಷ್ಟೋ ರೋಗಿಗಳು ಹುಡುಕಿಕೊಂಡು ಬರುವ ಆ ಬುಗ್ಗೆಯ ನೀರು ಅವರ ಉಬ್ಬಸವನ್ನು ವಾಸಿಮಾಡಲಿಲ್ಲ. 1879ರ ಏಪ್ರಿಲ್ 16ರಂದು, 35ನೇ ವಯಸ್ಸಿನಲ್ಲಿ, ಕಾಯಿಲೆಯಲ್ಲೇ ತೀರಿಕೊಂಡರು. ಧರ್ಮಸಭೆ ಅವರ ಹಬ್ಬವನ್ನು ಆಚರಿಸುವುದೂ ಅದೇ ದಿನ.

ಈಗ ರೋಗಿಗಳಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುತ್ತೇವೆ. ಕಾಯಿಲೆಯಲ್ಲಿರುವವರು ಮುಂದೆ ಬನ್ನಿ. ನಡೆಯಲಾಗದವರು ಕುಳಿತಲ್ಲೇ ಇರಿ, ನಾವೇ ಬರುತ್ತೇವೆ. ಉಬ್ಬಸದ ಮಕ್ಕಳನ್ನು ಕರೆತಂದ ತಂದೆತಾಯಂದಿರು ಅವರ ಜೊತೆಗೇ ನಿಲ್ಲಿ.