ನೆರೆಯವನನ್ನು ಎಣಿಕೆಗೆ ಹಾಕಬಹುದೇ?

(ಬ್ಯಾಡಗಿಯ ಶ್ರಾವಣ ಪ್ರವಚನ)



ರಾಣೆಬೆನ್ನೂರಿನ ಪ್ರವಚನ ಮುಗಿದ ಮೇಲೆ ಕೆಲವು ತರುಣರು ನಮ್ಮನ್ನು ಕೇಳಿದರು: "ಅಜ್ಜಾರ, ಹೊರಗಿನವರು ಬಂದು ನಮ್ಮ ನಡುವೆ ನೆಲೆಸಬೇಕೋ ಬೇಡೋ, ಬೇರೆ ಭಾಷೆ, ಬೇರೆ ಆಚಾರದವರು ಇಲ್ಲಿ ಇರಬೇಕೋ ಬೇಡೋ ಅನ್ನೂದನ್ನ ಜನರ ಮತಕ್ಕ ಹಾಕಿಬಿಟ್ರ ಆಗೂದಿಲ್ಲೇನ್ರಿ?" ಪ್ರಶ್ನೆ ದೊಡ್ಡದು. ಹಾವೇರಿಯಲ್ಲಿಯೂ ಇದೇ ಮಾತು ಕೇಳಿಬಂದಿತ್ತು. ಆದ್ದರಿಂದ ಇಂದಿನ ಚಿಂತನಕ್ಕೆ ಇದನ್ನೇ ಎತ್ತಿಕೊಂಡಿದ್ದೇವೆ.

ಕೇಳಿದವರ ಮೇಲೆ ನಮಗೆ ಬೇಸರವಿಲ್ಲ. ಓದಿದ ಮಗ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕುಳಿತಿರುವಾಗ, ತಂದೆಯ ಕಣ್ಣು ಹೊರಗಿನಿಂದ ಬಂದು ದುಡಿಯುವವನ ಮೇಲೆ ಬೀಳುವುದು ಸಹಜ. 2024ರ ಜುಲೈ 15ರಂದು ರಾಜ್ಯದ ಮಂತ್ರಿಮಂಡಲವು ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗಿರಬೇಕು ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಿತು. ಕೆಲಸದಲ್ಲಿ ಪಾಲು ಕೇಳುವುದು ಅನ್ಯಾಯವಲ್ಲ. ಅದನ್ನು ಚರ್ಚಿಸಬೇಕು, ಕಾನೂನಿನ ಒಳಗೆ ಬಗೆಹರಿಸಬೇಕು. ಆದರೆ ಕೆಲಸದ ಪಾಲು ಬೇರೆ, ಮನುಷ್ಯನ ನೆಲೆ ಬೇರೆ. ಈ ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯಬಾರದು.

ಸಂಸ್ಕೃತದಲ್ಲಿ 'ಬಹುಮತ' ಎಂಬ ಶಬ್ದಕ್ಕೆ ಹಳೆಯ ಅರ್ಥ ಬಹಳವಾಗಿ ಮಾನ್ಯವಾದದ್ದು, ಗೌರವಕ್ಕೆ ಪಾತ್ರವಾದದ್ದು ಎಂದು. ಹೆಚ್ಚು ಕೈಗಳ ಎಣಿಕೆ ಎಂಬ ಅರ್ಥ ಅದಕ್ಕೆ ಆಮೇಲೆ ಕೂಡಿಕೊಂಡಿತು. ಕೈಗಳನ್ನು ಎಣಿಸಿದ ಮಾತ್ರಕ್ಕೆ ಮಾತಿಗೆ ಮಾನ್ಯತೆ ಬರುವುದಿಲ್ಲ. ಹಾಗಾದರೆ ಯಾವುದನ್ನು ಎಣಿಕೆಗೆ ಹಾಕಬಹುದು, ಯಾವುದನ್ನು ಹಾಕಬಾರದು? ಇದಕ್ಕೊಂದು ಒರೆಗಲ್ಲಿದೆ: ತೀರ್ಪಿನ ಫಲವನ್ನು ಉಣ್ಣುವವನಿಗೆ ಆ ತೀರ್ಪಿನಲ್ಲಿ ಮಾತಿರಬೇಕು.

ನಮ್ಮ ಪಕ್ಕದ ಗೋವೆಯನ್ನೇ ನೋಡಿರಿ. ಮಹಾರಾಷ್ಟ್ರದೊಡನೆ ಸೇರಬೇಕೋ, ಬೇರೆಯಾಗಿಯೇ ಉಳಿಯಬೇಕೋ ಎಂದು 1967ರ ಜನವರಿ 16ರಂದು ಅಲ್ಲಿಯ ಜನರ ಮತ ಕೇಳಿದರು. ಶೇಕಡಾ 54ರಷ್ಟು ಮತದಾರರು ಬೇರೆಯಾಗಿ ಉಳಿಯುವುದನ್ನೇ ಬಯಸಿದರು. ಮತ ಕೊಟ್ಟವರು ತಮ್ಮ ಬಾಳಿನ ಬಗೆಗೆ ತಾವೇ ತೀರ್ಮಾನ ಮಾಡಿಕೊಂಡರು. ಅದು ಯೋಗ್ಯವಾದ ಎಣಿಕೆ.

ಇನ್ನು ದೂರದ ಸ್ವಿಟ್ಜರ್ಲೆಂಡಿಗೆ ಹೋಗೋಣ. ಆ ದೇಶದಲ್ಲಿ ಮಾತುಮಾತಿಗೆ ಜನಮತ ಕೇಳುವ ಪದ್ಧತಿಯಿದೆ. ಹೊರದೇಶದಿಂದ ಬರುವವರಿಗೆ ಮಿತಿ ಹಾಕಬೇಕೇ ಎಂದು 2014ರ ಫೆಬ್ರವರಿ 9ರಂದು ಕೇಳಿದಾಗ ಶೇಕಡಾ 50.3 ಜನ ಹೌದೆಂದರು. ಯುರೋಪಿನ ಒಕ್ಕೂಟದೊಡನೆ ಇದ್ದ ಮುಕ್ತ ಸಂಚಾರದ ಒಪ್ಪಂದವನ್ನೇ ಮುಗಿಸಬೇಕೇ ಎಂದು 2020ರಲ್ಲಿ ಕೇಳಿದಾಗ ಶೇಕಡಾ 61.7 ಜನ ಬೇಡವೆಂದರು. ನೂರರಲ್ಲಿ ಅರ್ಧ ಜನ ಅತ್ತ, ಅರ್ಧ ಜನ ಇತ್ತ. ಆರು ವರ್ಷದಲ್ಲಿ ಗಾಳಿ ಬೇರೆ ದಿಕ್ಕಿಗೆ. ಆ ದೇಶದಲ್ಲಿ ಬಾಳುವ ನಾಲ್ವರಲ್ಲಿ ಸುಮಾರು ಒಬ್ಬನು ಪರದೇಶದವನು; ಅವನಿಗೆ ಆ ಮತದಲ್ಲಿ ಚೀಟಿಯಿಲ್ಲ. ಹತ್ತು ವರ್ಷ ದುಡಿದು ಮಕ್ಕಳನ್ನು ಶಾಲೆಗೆ ಹಚ್ಚಿದವನು, ಈ ಸಲದ ಎಣಿಕೆಯಲ್ಲಿ ತನ್ನ ಮನೆ ಉಳಿದೀತೋ ಎಂದು ಎದೆ ಹಿಡಿದುಕೊಂಡು ಕುಳಿತಿರಬೇಕೇ?

"ಹಾಗಾದರೆ ಊರವರಿಗೆ ಮಾತೇ ಇಲ್ಲವೇ?" ಎಂದು ನೀವು ಕೇಳಬಹುದು. ಇದೆ. ಪರದೇಶದವರಿಗೆ ಬಾಗಿಲನ್ನು ಎಷ್ಟು ತೆರೆಯಬೇಕು ಎಂಬ ಕಾನೂನು ಮಾಡಲು ಲೋಕಸಭೆಯಿದೆ. ಅಲ್ಲಿಗೆ ಯಾರು ಹೋಗಬೇಕೆಂದು ತೀರ್ಮಾನಿಸುವವರು ನೀವೇ. ದೇಶದ ಪ್ರಜೆ ದೇಶದೊಳಗೆ ಎಲ್ಲಿಯಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದ ಕೊಟ್ಟಿದೆ. ಅದನ್ನು ಊರಿನ ಕೈಯೆತ್ತುವಿಕೆ ಕಸಿಯಲಾರದು. ಮನೆಗೆ ಸೊಸೆ ತರುವ ಮುಂಚೆ ಹಿರಿಯರು ಕೂಡಿ ನೂರು ಮಾತಾಡಲಿ, ಅದು ಸರಿ. ಆದರೆ ಸೊಸೆ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ, ವರ್ಷವರ್ಷವೂ ಯುಗಾದಿಗೆ ಮನೆಮಂದಿಯನ್ನು ಕೂಡಿಸಿ, "ಇವಳು ಇರಲೋ ಬೇಡವೋ" ಎಂದು ಕೈಯೆತ್ತಿಸಿದರೆ ಆ ಮನೆಯ ಒಲೆ ನೆಟ್ಟಗೆ ಉರಿದೀತೇ?

ನಮ್ಮ ಹಾನಗಲ್ಲ ತಾಲೂಕಿನ ಗಡಿ ದಾಟಿದರೆ ಮುಂಡಗೋಡ. 1959ರಿಂದ ನೆಲೆ ಕಳೆದುಕೊಂಡು ಹಿಮಾಲಯ ದಾಟಿ ಬಂದ ಟಿಬೇಟಿನ ಜನರಿಗೆ 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಅಲ್ಲಿ ಸುಮಾರು 4000 ಎಕರೆ ನೆಲದಲ್ಲಿ ವಸತಿ ಆಯಿತು. ಹಿಮದ ನಾಡಿನ ಜನ ನಮ್ಮ ಬಿಸಿಲಿಗೆ ಬಂದರು. ಕಾಡು ಕಡಿದು ಗೋವಿನಜೋಳ ಬೆಳೆದರು. ಡ್ರೆಪುಂಗ್, ಗಾಂದೆನ್ ಎಂಬ ತಮ್ಮ ಪ್ರಾಚೀನ ಮಠಗಳನ್ನು ಅಲ್ಲಿಯೇ ಮತ್ತೆ ಕಟ್ಟಿದರು. ಚಳಿಗಾಲದಲ್ಲಿ ಪೇಟೆಗಳಲ್ಲಿ ಸ್ವೆಟರು ಮಾರುವ ಆ ಜನರೊಡನೆ ಚೌಕಾಸಿ ಮಾಡದ ತಾಯಿ ಈ ಸಭೆಯಲ್ಲಿ ಯಾರಿದ್ದೀರಿ? ಅಂದು ಸುತ್ತಲಿನ ಹಳ್ಳಿಗಳಲ್ಲಿ ಮತ ಕೇಳಿದ್ದರೆ ಏನಾಗುತ್ತಿತ್ತು? ಟಿಬೇಟಿನವನ ಮುಖವನ್ನೇ ಕಾಣದ ಜನ ಅವನ ಬಗ್ಗೆ ಮತ ಕೊಡಬೇಕಾಗುತ್ತಿತ್ತು. ಕಾಣದವನ ಬಗ್ಗೆ ಕೇಳಿದರೆ ಉತ್ತರ ಕೊಡುವುದು ಭಯವೇ ಹೊರತು ವಿವೇಕವಲ್ಲ.

ಈಗ ತಕ್ಕಡಿಯನ್ನು ತಿರುಗಿಸಿ ಹಿಡಿಯೋಣ. ಮಳೆ ಕೈಕೊಟ್ಟಾಗ ಉತ್ತರ ಕರ್ನಾಟಕದ ಎಷ್ಟು ಕುಟುಂಬಗಳು ಮನೆಗೆ ಬೀಗ ಹಾಕಿ, ಮುದುಕರನ್ನು ಹಿಂದೆ ಬಿಟ್ಟು ಗುಳೆ ಹೋಗುತ್ತವೆ! ಗೋವೆಯ ವಾಸ್ಕೊ, ಮಡಗಾಂವಗಳಲ್ಲಿ ಕಲ್ಲು ಮಣ್ಣು ಹೊರುವ ಕೈ ನಮ್ಮದೇ. ಗೋವೆಯವರು ನಾಳೆ ಚೀಟಿ ಹಂಚಿ, "ಈ ಕನ್ನಡದವರು ಇರಬೇಕೋ ಬೇಡವೋ" ಎಂದು ಕೇಳಿದರೆ ನಿಮ್ಮ ಅಣ್ಣತಮ್ಮಂದಿರ ಗತಿಯೇನು? ನಮ್ಮ ಆಡುಮಾತಿನಲ್ಲಿ 'ಪರದೇಶಿ' ಎಂದರೆ ದಿಕ್ಕಿಲ್ಲದವನು. ಆ ಶಬ್ದವನ್ನು ಹೀಗೆ ಮಾಡಿಟ್ಟವರು ಗುಳೆಯ ನೋವು ಉಂಡವರೇ ಇರಬೇಕು.

ಬಂದದ್ದೆಲ್ಲ ಪರಕೀಯವೆನ್ನುವುದಾದರೆ, ಈ ಬ್ಯಾಡಗಿಯ ಕೀರ್ತಿಯನ್ನೇ ಮೊದಲು ಹೊರಗೆ ಹಾಕಬೇಕಾದೀತು. ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕಾ ಖಂಡದಲ್ಲಿ. ಪೋರ್ತುಗೀಜರ ಹಡಗು ಹತ್ತಿ ಬಂದು, ನಮ್ಮ ಮಣ್ಣಿನಲ್ಲಿ ಬೇರು ಬಿಟ್ಟು, ಖಾರ ತಗ್ಗಿಸಿಕೊಂಡು, ಬಣ್ಣ ಏರಿಸಿಕೊಂಡು, 2011ರಲ್ಲಿ ಈ ಊರಿನ ಹೆಸರಿನಲ್ಲಿಯೇ ಭೌಗೋಳಿಕ ಗುರುತು ಪಡೆಯಿತು. ನೆಲ ಅದನ್ನು ಬದಲಿಸಿತು. ಅದು ನೆಲದ ಹೆಸರನ್ನು ಬೆಳಗಿತು. ಶಿಶುವಿನಹಾಳದ ಶರೀಫರನ್ನು ಕಳಸದ ಗೋವಿಂದಭಟ್ಟರು ಶಿಷ್ಯನೆಂದು ಒಪ್ಪಿದರಲ್ಲ, ಅದನ್ನು ಊರ ಎಣಿಕೆಗೆ ಹಾಕಿದ್ದರೆ ಈ ಜಿಲ್ಲೆಯ ಭಜನೆಯ ದನಿ ಎಲ್ಲಿಂದ ಬರುತ್ತಿತ್ತು?

ಕಲ್ಯಾಣಕ್ಕೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು ಬಂದರೆಂದೂ, ಸೌರಾಷ್ಟ್ರದಿಂದ ಆದಯ್ಯನವರು ಪುಲಿಗೆರೆಗೆ ಬಂದರೆಂದೂ ನಮ್ಮ ಪರಂಪರೆ ಹೇಳುತ್ತದೆ. ಅದೇ ಕಲ್ಯಾಣದಲ್ಲಿ ಮುಂದೆ ಶರಣರ ಮೇಲೆ ಕತ್ತಿ ಎದ್ದಾಗ, ಅವರೇ ಉಳವಿಯ ಕಾಡಿನ ಕಡೆಗೆ ನಡೆದ ನಿರಾಶ್ರಿತರಾದರು. ದಾರಿಯಲ್ಲಿ ಒಂದು ಹೊತ್ತಿನ ಅನ್ನ, ಒಂದು ರಾತ್ರಿಯ ನೆಳಲು ಕೊಟ್ಟವರು ಇರದಿದ್ದರೆ ವಚನದ ಕಟ್ಟುಗಳು ನಮ್ಮ ಕೈಗೆ ಬರುತ್ತಿದ್ದವೇ? 'ಜಂಗಮ' ಎಂದರೆ ಚಲಿಸುವವನು. ಚಲಿಸುವವನಿಗೆ ಪಾದಪೂಜೆ ಮಾಡುವ ಸಮಾಜ, ಚಲಿಸಿ ಬಂದ ಬಡವನಿಗೆ ಬಾಗಿಲು ಮುಚ್ಚಿದರೆ ಆ ಪೂಜೆ ಬರಿಯ ನೀರು.

ಕೊನೆಗೆ ಒಂದು ಕಟುವಾದ ಮಾತನ್ನು ಹೇಳಬೇಕಾಗಿದೆ. ಹೊರಗಿನವನು ತಾನಾಗಿ ನಮ್ಮವನ ಕೂಲಿ ಕಡಿಮೆ ಮಾಡುವುದಿಲ್ಲ. ಕಡಿಮೆ ಕೂಲಿಗೆ ಸಿಗುತ್ತಾನೆಂದು ಅವನನ್ನು ಕರೆತಂದವರು ಮಾಡುತ್ತಾರೆ. ಅಂಥವರು ಮಠದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿಯೂ ಕುಳಿತಿರಬಹುದು. ಇಬ್ಬರಿಗೂ ಸಮನಾದ ಕೂಲಿ ಕೊಡಿರಿ, ಅರ್ಧ ಜಗಳ ಅಲ್ಲಿಯೇ ತೀರುತ್ತದೆ. ಇದೇ ಕಾಯಕದ ನ್ಯಾಯ. ಬಂದವರಿಗೂ ಕರ್ತವ್ಯವಿದೆ: ಕನ್ನಡ ಕಲಿಯಬೇಕು, ಊರಿನ ಕೆರೆ ಬಾವಿಯನ್ನು ತಮ್ಮದೆಂದು ಕಾಯಬೇಕು. ನೀರು, ಬಾಡಿಗೆ, ಶಾಲೆ, ಕೂಲಿ, ಇವುಗಳನ್ನು ಸಭೆ ಕೂಡಿಸಿ ಬಹಿರಂಗವಾಗಿ ಚರ್ಚಿಸಿರಿ. ಬೇಕಾದರೆ ಕೈಯೆತ್ತಿ ಎಣಿಸಿರಿ. ಆ ಸಭೆಯಲ್ಲಿ ಬಂದವನಿಗೂ ಕೂಡಲು ಸ್ಥಳ, ಆಡಲು ಮಾತು ಇರಲಿ. ಆದರೆ ಅವನು ನೆರೆಯವನೋ ಅಲ್ಲವೋ ಎಂಬುದನ್ನು ಎಣಿಕೆಗೆ ಹಾಕಬೇಡಿರಿ. ಇಷ್ಟಲಿಂಗ ಹಿಡಿದ ಕೈ ಅಂಥ ಎಣಿಕೆಗೆ ಎದ್ದಿತೆಂದರೆ ಪೂಜೆ ಅಲ್ಲಿಗೆ ನಿಂತಂತೆ.

ಹಂಚಿ ಉಣ್ಣುವ ಬುದ್ಧಿಯನ್ನೂ, ಹೆದರದೆ ಬಾಗಿಲು ತೆರೆಯುವ ಧೈರ್ಯವನ್ನೂ ಗುರುಕರುಣೆಯು ನಿಮಗೆಲ್ಲರಿಗೂ ದಯಪಾಲಿಸಲಿ ಎಂದು ಹಾರೈಸಿ, ನಮ್ಮ ಮಾತಿಗೆ ಮಂಗಲ ಮಾಡುತ್ತೇವೆ.