ಕೂದಲು ಕೀಳುವ ಕೈ



1889ರಲ್ಲಿ ಪ್ಯಾರಿಸ್ಸಿನ ಚರ್ಮವೈದ್ಯ ಅಲ್ಲೋಪೋ ಒಬ್ಬ ಯುವಕನ ಬಗ್ಗೆ ಬರೆದರು. ತನ್ನ ಕೂದಲನ್ನು ಅವನೇ ಹಿಡಿಹಿಡಿಯಾಗಿ ಕಿತ್ತುಕೊಳ್ಳುತ್ತಿದ್ದ. ಆ ಕಾಯಿಲೆಗೆ ಅವರು ಕೊಟ್ಟ ಹೆಸರು ಟ್ರೈಕೊಟಿಲೋಮೇನಿಯಾ. ಚಟವೇನೂ ಹೊಸದಲ್ಲ. ಉಗುರು ಕಚ್ಚುವವರ ಜೊತೆಗೆ ಕೂದಲು ಕೀಳುವವರನ್ನೂ ಅರಿಸ್ಟಾಟಲ್ ಆಗಲೇ ಹೆಸರಿಸಿದ್ದ.

ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ. ಆಮೇಲೆ ಬಂದ ಮನೋವಿಶ್ಲೇಷಕರು ತಾಯಿಯ ನಂಟು, ಅದುಮಿಟ್ಟ ಕಾಮ ಎಂದೆಲ್ಲ ಅರ್ಥ ಹಚ್ಚಿದರು. ಮನಸ್ಸಿನ ಆಳ ಕೆದಕಿದವರು ಕೈಯ ಕಡೆ ಅಷ್ಟಾಗಿ ನೋಡಲಿಲ್ಲ ಅನ್ನುವುದು ನನ್ನ ತಕರಾರು.

ನೋಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್. 1973ರಲ್ಲಿ ಅವರು ಪ್ರಕಟಿಸಿದ ಚಟ ಬಿಡಿಸುವ ವಿಧಾನ ಎಷ್ಟು ಸರಳವೆಂದರೆ ಮೊದಲ ಸಲ ಕೇಳಿದವರಿಗೆ ನಗು ಬಂದೀತು. ಏಕೆ ಕೀಳುತ್ತೀಯೆ ಎಂದು ಕೇಳುವ ಬದಲು ಯಾವಾಗ, ಎಲ್ಲಿ, ಯಾವ ಕೈಯಲ್ಲಿ ಎಂದು ಕೇಳಿದರು. ಹುಡುಗಿಯೊಬ್ಬಳು ಓದುತ್ತಾ ಕೂತಿದ್ದಾಳೆ ಅನ್ನಿ. ಎಡಗೈಯಲ್ಲಿ ಪುಸ್ತಕ, ಬಲಗೈ ಮೆಲ್ಲಗೆ ನೆತ್ತಿಗೆ. ಬೆರಳು ಒರಟು ಕೂದಲೊಂದನ್ನು ಹುಡುಕಿ ಹಿಡಿಯುತ್ತದೆ. ಕಿತ್ತ ಮೇಲೆ ಬುಡದ ಬಿಳಿ ಗುಂಡನ್ನು ತುಟಿಗೆ ಸವರಿಕೊಳ್ಳುತ್ತಾಳೆ. ಇದರಲ್ಲಿ ಎಷ್ಟೋ ಭಾಗ ಅವಳಿಗೇ ಗೊತ್ತಾಗುವುದಿಲ್ಲ. ಮೊದಲ ಪಾಠವೇ ಅದನ್ನು ಗಮನಿಸಿ ಬರೆದಿಡುವುದು. ಎರಡನೆಯದು, ಕೈ ಮೇಲೇಳುತ್ತಿದ್ದಂತೆ ಮುಷ್ಟಿ ಬಿಗಿದು ಮೂರು ನಿಮಿಷ ಹಾಗೇ ಹಿಡಿದಿರುವುದು. ಮುಷ್ಟಿ ಕಟ್ಟಿದ ಕೈ ಕೂದಲು ಕೀಳಲಾರದು! 1980ರಲ್ಲಿ ಈ ವಿಧಾನವನ್ನು ಕೂದಲು ಕೀಳುವವರ ಮೇಲೆಯೇ ಪರೀಕ್ಷಿಸಿದರು. ಕನ್ನಡಿ ಮುಂದೆ ನಿಂತು ಕಿತ್ತಂತೆ ನಟಿಸುವ ಹಳೆಯ ಉಪಾಯಕ್ಕಿಂತ ಇದೇ ಮೇಲಾಯಿತು.

ಮುಂದೆ ಬಂದವರು ಇದಕ್ಕೆ ಇನ್ನಷ್ಟು ಸೇರಿಸಿದರು. ಕೀಳಬೇಕೆಂಬ ಆಸೆಯೊಡನೆ ಗುದ್ದಾಡದೆ, ಅದು ಬಂದು ಹೋಗಲಿ ಎಂದು ಬಿಡುವುದನ್ನೂ ಕಲಿಸಿದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಈ ಕಾಯಿಲೆಯನ್ನು ಗೀಳುರೋಗಗಳ ಸಾಲಿಗೆ ಸೇರಿಸಿತು. ಮಾತ್ರೆಗಳ ಫಲ ಇಂದಿಗೂ ಒಬ್ಬರಿಗೆ ಒಂದು ಥರ.

ನಮ್ಮಲ್ಲಿ ತಲೆಯಲ್ಲಿ ಬೋಳು ಮಚ್ಚೆ ಕಂಡರೆ ಹುಳ ತಿಂದಿದೆ ಅನ್ನುತ್ತಾರೆ, ಎಣ್ಣೆ ಹಚ್ಚುತ್ತಾರೆ. ಮಗುವೇ ಕೀಳುತ್ತಿದೆ ಎಂದು ತಿಳಿದರೆ ಬೈಗುಳ, ಏಟು. ಬೇಕಾದ್ದು ಚಿಕಿತ್ಸೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಗೀಳುರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು. ಆಜ್ರಿನ್ ವಿಧಾನದಲ್ಲಿ ಮನೆಯವರಿಗೂ ಒಂದು ಕೆಲಸವಿದೆ: ಮಗು ಮುಷ್ಟಿ ಕಟ್ಟಿದ್ದು ಕಂಡಾಗ ಭೇಷ್ ಅನ್ನಬೇಕು, ಮರೆತಾಗ ಮೆಲ್ಲಗೆ ನೆನಪಿಸಬೇಕು.